ಕಂಡದ್ದು, ಕಂಡುಕೊಂಡದ್ದು: ಉಡುಪಿ ಸೀಮೆಯಲ್ಲಿ ವಿಜ್ಞಾನ ಪಾಠದ ಚರಿತ್ರೆ

ಎಳೆಯ ಮಕ್ಕಳಿಗೆ ವಿಜ್ಞಾನ ಕಲಿಸುವಾಗ ಮೊದಲು ಬಿಡಿಸಿಡಬೇಕಾದ ಎಳೆಗಳು ಎರಡು: ವೀಕ್ಷಣೆ ಮತ್ತು ತೀರ್ಮಾನ. ಕಣ್ಣು, ಕಿವಿ, ಮೂಗು, ಕೈಗಳಿಗೆ ಸಿಕ್ಕಿದ್ದು ವೀಕ್ಷಣೆ. ಹಾಗೆ ಸಿಕ್ಕಿದ್ದನ್ನು ಮೊದಲೇ ಗೊತ್ತಿರುವುದರೊಂದಿಗೆ ಹೊಂದಿಸಿ ಕಾಣದ ಸಂಗತಿಯೊಂದನ್ನು ತಲುಪುವುದು ತೀರ್ಮಾನ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭದ ಬಳಿ ನಿಂತ ಮಗುವಿಗೆ, ಪಡುವಣಕ್ಕೆ ಸಾಗುವ ದೋಣಿಯ ಒಡಲು ಮೊದಲು ಮರೆಯಾಗಿ, ಕಂಬದ ತುದಿ ಕೊನೆಗೆ ಮರೆಯಾಗುವುದು ಕಾಣುತ್ತದೆ. ಕಡಲ ಮೈ ಬಾಗಿದೆ ಎಂಬುದು ಕಾಣುವುದಿಲ್ಲ. ಅದನ್ನು ಮಗು ಕಂಡುಕೊಳ್ಳಬೇಕು. ಬಂಡೆಯ ಬುಡದಿಂದ ಮರೆಯಾದ ದೋಣಿ ಸ್ತಂಭದ ಮೇಲಿಂದ ಮತ್ತೆ ಕಂಡರೆ ಆ ತೀರ್ಮಾನಕ್ಕೆ ಇನ್ನೊಂದು ಆಸರೆ ಸಿಗುತ್ತದೆ. ಮೇಲಿನಿಂದಲೂ ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆಗೆ ಕಡಲ ಮೈ ಕಾಣದು. ಎತ್ತರ ಹೆಚ್ಚಿದಷ್ಟೂ ದಿಗಂತ ಹಿಂದೆ ಸರಿಯುತ್ತದೆ.

ಈ ಎರಡು ಕೆಲಸಗಳನ್ನೂ ಬಲ್ಲ ಪರಂಪರೆಗಳು ಉಡುಪಿ, ಕಾರ್ಕಳ, ಕಾಪುಗಳಲ್ಲಿ ಶಾಲೆಗಳಿಗಿಂತ ಎಷ್ಟೋ ಹಳೆಯವು. ಅವು ತರಗತಿಯ ಒಳಗೆ ಬರಲು ಬಹಳ ಕಾಲ ಹಿಡಿಯಿತು. ಬಂದ ಮೇಲೂ ತೀರ್ಮಾನ ಪುಸ್ತಕದ ಪಾಲಾಯಿತು, ವೀಕ್ಷಣೆ ಯಾರ ಪಾಲಿಗೂ ಸಿಗದೆ ಉಳಿಯಿತು. ಆ ಕೊರತೆಯನ್ನು ತುಂಬಲು ಹಲವರು ಹಲವು ಬಗೆಯಲ್ಲಿ ಶ್ರಮಿಸಿದ ಕಥೆಯೇ ಈ ಸೀಮೆಯ ವಿಜ್ಞಾನ ಶಿಕ್ಷಣದ ಚರಿತ್ರೆ.

ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು (1238–1317) ಅರಿವಿನ ಮೂಲಗಳಾಗಿ ಒಪ್ಪಿದ್ದು ಮೂರನ್ನು: ಪ್ರತ್ಯಕ್ಷ (ಇಂದ್ರಿಯಗಳಿಗೆ ಸಿಕ್ಕಿದ್ದು), ಅನುಮಾನ (ಸಿಕ್ಕಿದ್ದರಿಂದ ಕಂಡುಕೊಂಡದ್ದು) ಮತ್ತು ಆಗಮ (ಶಾಸ್ತ್ರವಚನ). ಅವರ ‘ಪ್ರಮಾಣಲಕ್ಷಣ’ ಚಿಕ್ಕ ಗ್ರಂಥ. ಮುಂದೆ ಜಯತೀರ್ಥರು ಬರೆದ ‘ಪ್ರಮಾಣಪದ್ಧತಿ’ ಅದೇ ವಿಚಾರವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವ ಕೈಪಿಡಿ. ಇಂದಿನ ವಿಜ್ಞಾನ ಶಿಕ್ಷಕರಿಗೆ ಅದರಲ್ಲಿ ಆಸಕ್ತಿ ಹುಟ್ಟಿಸಬೇಕಾದ ಭಾಗ ದೋಷಗಳ ಚರ್ಚೆ. ಇಂದ್ರಿಯ ಚೆನ್ನಾಗಿದ್ದರೆ ಸಾಲದು, ವಸ್ತುವೂ ಕಾಣುವ ಸ್ಥಿತಿಯಲ್ಲಿರಬೇಕು. ಅತಿ ದೂರವಿದ್ದರೆ, ಅತಿ ಹತ್ತಿರವಿದ್ದರೆ, ಅತಿ ಸೂಕ್ಷ್ಮವಾಗಿದ್ದರೆ, ನಡುವೆ ಮರೆಯಿದ್ದರೆ ನೋಟ ತಪ್ಪುತ್ತದೆ. ಯಾವ ಅಳತೆಯನ್ನು ಎಷ್ಟು ನಂಬಬಹುದು ಎಂದು ಪ್ರಯೋಗಾಲಯದಲ್ಲಿ ಕೇಳುವ ಪ್ರಶ್ನೆಗೂ ಇದಕ್ಕೂ ದೂರವಿಲ್ಲ.

ಮಠಗಳ ಪಾಠದಲ್ಲಿ ಅನುಮಾನಕ್ಕೆ ಎಲ್ಲರೂ ಕಲಿಯುತ್ತಿದ್ದ ಉದಾಹರಣೆ ಗುಡ್ಡದ ಮೇಲಿನ ಹೊಗೆ. ಹೊಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಹೊಗೆ ಇದ್ದಲ್ಲೆಲ್ಲ ಬೆಂಕಿಯನ್ನು ಕಂಡ ಅನುಭವದ ಬಲದಿಂದ ಗುಡ್ಡದಲ್ಲಿಯೂ ಬೆಂಕಿಯಿದೆ ಎಂದು ಹೇಳುವುದು ಸರಿ. ತರ್ಕದ ಗುರುಗಳು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ ಎಂದು ತಿರುಗಿಸಿ ಕೇಳುತ್ತಿದ್ದರು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ; ಹೊಗೆ ಏಳಲು ಹಸಿ ಸೌದೆ ಬೇಕು. ಜೊತೆಗೆ, ಹೊಗೆಯೆಂದು ಕಂಡದ್ದು ಮುಂಜಾನೆಯ ಮಂಜಾಗಿದ್ದರೆ ಇಡೀ ವಾದ ಕುಸಿಯುತ್ತದೆ. ಒಂದು ನಿಯಮ ಎಲ್ಲಿ ಮುರಿಯುತ್ತದೆಂದು ಹುಡುಕುವ ಈ ಅಭ್ಯಾಸ ವೈಜ್ಞಾನಿಕ ಮನೋಭಾವದ ತಿರುಳಿಗೆ ಸೇರಿದ್ದು. ಕಾರ್ಕಳ, ಮೂಡುಬಿದಿರೆಗಳ ಜೈನ ವಿದ್ವಾಂಸರೂ ಅನುಮಾನವನ್ನು ಚರ್ಚಿಸಿದರು. ಯಾವ ಮಾತೂ ಒಂದು ನಿಲುವಿನಿಂದ ಆಡಿದ್ದು, ಆ ನಿಲುವನ್ನು ಮರೆಯಬಾರದು ಎಂಬುದು ಅವರ ಪರಂಪರೆಯ ದೊಡ್ಡ ಕಾಣಿಕೆ.

ಈ ಪಾಠ ಸಿಗುತ್ತಿದ್ದುದು ಕೆಲವೇ ಮನೆತನಗಳ ಗಂಡುಮಕ್ಕಳಿಗೆ. ಅವರು ಹೊಗೆಯ ಕುರಿತು ಶ್ಲೋಕಗಳಲ್ಲಿ ವಾದಿಸುತ್ತಿದ್ದರೇ ಹೊರತು ಬೆಂಕಿ, ನೀರು, ಮಣ್ಣುಗಳ ಮೇಲೆ ಕೈಯಿಟ್ಟು ಪರೀಕ್ಷಿಸುತ್ತಿರಲಿಲ್ಲ. ಕೈಯಿಟ್ಟು ಪರೀಕ್ಷಿಸುತ್ತಿದ್ದವರು ಬೇರೆ. ಮಲ್ಪೆ, ಕಾಪು, ಪಡುಬಿದ್ರಿಯ ಮೀನುಗಾರರಾದ ಮೊಗವೀರರು ನೀರಿನ ಬಣ್ಣ ಎಲ್ಲಿ ಬದಲಾಗಿದೆ, ಹಕ್ಕಿಗಳು ಎಲ್ಲಿ ಮುಗಿಬೀಳುತ್ತಿವೆ ಎಂದು ನೋಡಿ ಬೂತಾಯಿ, ಬಂಗುಡೆ ಮೀನುಗಳ ಹಿಂಡು ಇರುವ ಜಾಗವನ್ನು ಕಂಡುಕೊಳ್ಳುತ್ತಿದ್ದರು. ಊರಿನ ಹತ್ತಾರು ಮಂದಿ ಸೇರಿ ಎಳೆಯುವ ರಾಂಪಣಿ ಬಲೆಯನ್ನು ಬಿಡುವ ಮುನ್ನ ಆ ತೀರ್ಮಾನ ಸರಿಯಿರಲೇಬೇಕಿತ್ತು. ತಪ್ಪಿದರೆ ದಿನದ ದುಡಿಮೆಯೇ ನಷ್ಟ. ಒಳನಾಡಿನ ತುಳುವ ಬೇಸಾಯಗಾರರು ಪಗ್ಗು, ಬೇಶ, ಕಾರ್ತೆಲ್, ಆಟಿ ಎಂದು ಸೌರ ತಿಂಗಳುಗಳನ್ನು ಎಣಿಸಿ, ಏಣೇಲು, ಸುಗ್ಗಿ, ಕೊಳಕೆ ಬೆಳೆಗಳ ಕಾಲವನ್ನು ಗಾಳಿ, ಮಳೆ, ಮಣ್ಣಿನ ಹದ ನೋಡಿ ನಿರ್ಧರಿಸುತ್ತಿದ್ದರು. ಶಾಸ್ತ್ರದವರಲ್ಲಿ ವಾದದ ಕಟ್ಟು ಇತ್ತು, ದುಡಿಯುವವರಲ್ಲಿ ಕಣ್ಣಿನ ಚುರುಕು ಇತ್ತು. ಎರಡೂ ಒಂದೇ ಮಗುವಿನಲ್ಲಿ ಸೇರುವ ಅವಕಾಶ ಆ ಸಮಾಜದಲ್ಲಿ ಇರಲಿಲ್ಲ. ಈ ಸೀಮೆಯ ಕಲಿಕೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟವನ್ನು ತೋರಿಸುವುದು ಕಷ್ಟ.

1801ರ ಮೊದಲ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪನಿ ಸರ್ಕಾರದ ಆದೇಶದಂತೆ ಈ ದಾರಿಯಲ್ಲಿ ಪ್ರಯಾಣ ಮಾಡಿ, ಕಾರ್ಕಳ, ಹಿರಿಯಡ್ಕ, ಉಡುಪಿಗಳನ್ನು ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಣ್ಣು, ಬೆಳೆ, ಕಲ್ಲು, ಗೇಣಿಗಳ ವಿವರ ದಿನದಿನಕ್ಕೂ ಇದೆ. ಆ ಬರವಣಿಗೆಯ ಒಂದು ಗುಣ ಗಮನಾರ್ಹ: ತಾನು ನೋಡಿದ್ದು ಯಾವುದು, ಊರಿನವರು ಹೇಳಿದ್ದು ಯಾವುದು ಎಂಬುದನ್ನು ಆತ ಬಹುತೇಕ ಬೇರ್ಪಡಿಸಿ ಇಡುತ್ತಾನೆ. ಕರಾವಳಿಯವರು ಮುರಕಲ್ಲು ಎನ್ನುವ ಕೆಂಪು ಕಲ್ಲಿಗೆ ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಬಂದದ್ದೂ ಆ ಕಥನದಿಂದಲೇ, ಮಲಬಾರಿನ ಅಂಗಾಡಿಪುರದಲ್ಲಿ ಅವನು ಕಂಡ ಕಲ್ಲಿನ ವರ್ಣನೆಯಿಂದ. ನೆಲದಲ್ಲಿದ್ದಾಗ ಕತ್ತರಿಸಲು ಸುಲಭವಾದ ಆ ಕಲ್ಲು ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಇದು ಕರಾವಳಿಯ ಪ್ರತಿಯೊಬ್ಬ ಕಲ್ಲುಕುಟಿಗನಿಗೂ ತಿಳಿದಿದ್ದ ಸಂಗತಿ. ಕಲ್ಲುಕುಟಿಗನ ಅರಿವು ಬಾಯಿಂದ ಬಾಯಿಗೆ ಸಾಗಿತು, ಬುಕಾನನ್ನನ ಅರಿವು ಅಚ್ಚಿನ ಪುಸ್ತಕವಾಗಿ ಲೋಕಕ್ಕೆ ಹೋಯಿತು.

ಆ ಕಾಲದ ಮಕ್ಕಳಿಗೆ ಇದ್ದ ಶಾಲೆಯೆಂದರೆ ಐಗಳ ಮಠ. ಒಬ್ಬರೇ ಐಗಳು ಜಗಲಿಯಲ್ಲಿ ಕೂತು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಮತ್ತು ಕಾವ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಲೆಕ್ಕ, ಓಲೆ ಬರೆಯುವುದು, ಓದುವುದು ಚೆನ್ನಾಗಿಯೇ ಬರುತ್ತಿತ್ತು. ಜಗಲಿಯ ಹೊರಗಿನ ಗಿಡ, ಹುಳ, ಮೋಡಗಳು ಪಾಠದ ವಿಷಯವಾಗಿರಲಿಲ್ಲ.

ಬದಲಾವಣೆಯ ಗಾಳಿ ಬಂದದ್ದು ಎರಡು ಕಡೆಗಳಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆಗಳನ್ನೂ ಮುದ್ರಣಾಲಯವನ್ನೂ ಕಟ್ಟಿ, ಉಡುಪಿಯವರೆಗೆ ಹಬ್ಬಿತು. ಆ ಮಿಷನ್ ಬಂದ ಸ್ವಿಟ್ಜರ್ಲೆಂಡ್, ಪದಕ್ಕಿಂತ ಮೊದಲು ವಸ್ತುವನ್ನು ಮಗುವಿನ ಮುಂದಿಡಬೇಕು ಎಂದು ವಾದಿಸಿದ ಪೆಸ್ತಲೋಜಿಯ (1746–1827) ನಾಡು. ಅವನ ವಿಚಾರ ಇಂಗ್ಲೆಂಡಿಗೆ ಹೋಗಿ ‘ವಸ್ತುಪಾಠ’ವಾಯಿತು; ಅಲ್ಲಿಂದ ವಸಾಹತು ಸರ್ಕಾರದ ಶಾಲೆಗಳಿಗೆ ಬಂತು. 1904ರಲ್ಲಿ ಕರ್ಜನ್ ಸರ್ಕಾರ ಹೊರಡಿಸಿದ ಶಿಕ್ಷಣ ನೀತಿಯ ನಿರ್ಣಯ ಬಾಯಿಪಾಠದ ಅತಿರೇಕವನ್ನು ಖಂಡಿಸಿತು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಶಾಲೆಗಳಲ್ಲಿಯೂ ವಸ್ತುಪಾಠ, ನಿಸರ್ಗ ಪಾಠಗಳ ಹೆಸರು ಕೇಳತೊಡಗಿತು.

ವಸ್ತುಪಾಠದ ಉದ್ದೇಶ ಒಳ್ಳೆಯದು. ಮೇಷ್ಟರು ಒಂದು ಸುಣ್ಣದ ಕಲ್ಲನ್ನೋ ಹತ್ತಿಯನ್ನೋ ತರುತ್ತಾರೆ. ಮಕ್ಕಳು ಮುಟ್ಟಿ, ಮೂಸಿ, ನೋಡಿ ಗುಣಗಳನ್ನು ಹೇಳುತ್ತಾರೆ. ಆದರೆ ಅದರಲ್ಲಿ ಒಂದು ಕೊರತೆ ಮೊದಲಿನಿಂದಲೂ ಇತ್ತು. ‘ಗಟ್ಟಿ, ಬಿಳಿ, ಒರಟು’ ಎಂದು ಗುಣಗಳ ಪಟ್ಟಿ ಮಾಡುವಲ್ಲಿಗೆ ಪಾಠ ಮುಗಿಯುತ್ತಿತ್ತು. ಆ ಗುಣಗಳಿಂದ ಏನನ್ನು ಕಂಡುಕೊಳ್ಳಬಹುದು ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ಪಟ್ಟಿಯನ್ನೇ ಕೈಪಿಡಿಯಿಂದ ಬರೆಸಿ ಬಾಯಿಪಾಠ ಮಾಡಿಸಿದರೆ, ವಸ್ತು ಮೇಜಿನ ಮೇಲಿದ್ದೂ ಇಲ್ಲದಂತೆಯೇ.

ಕನ್ನಡದಲ್ಲಿ ಮಕ್ಕಳ ಕಣ್ಣನ್ನು ಹೊರಗಿನ ಲೋಕಕ್ಕೆ ತಿರುಗಿಸಿದವರು ಸರ್ಕಾರದ ನಿರ್ಣಯಗಳಿಗಿಂತ ಹೆಚ್ಚಾಗಿ ಕರಾವಳಿಯ ಇಬ್ಬರು ಬರಹಗಾರರು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ ಹಳ್ಳಿ ಶಾಲೆಗಳ ಒಳಹೊರಗನ್ನು ಬಲ್ಲವರು. ಅವರ ‘ತೆಂಕಣ ಗಾಳಿಯಾಟ’, ‘ನಾಗರಹಾವು’ ಪದ್ಯಗಳಲ್ಲಿ ಗಾಳಿಯ ಓಟ, ಹಾವಿನ ಚಲನೆಗಳು ಕಣ್ಣಾರೆ ನೋಡಿದವರ ವಿವರಗಳಾಗಿ ಬರುತ್ತವೆ. ವಿಜ್ಞಾನ ಕಲಿಸುವ ಹಂಬಲ ಅಲ್ಲಿಲ್ಲ, ಆದರೆ ಗಮನವಿಟ್ಟು ನೋಡುವ ರುಚಿಯನ್ನು ಅವು ಎಳೆಯ ವಯಸ್ಸಿಗೇ ಹತ್ತಿಸಿದವು.

ಎರಡನೆಯವರು ಕೋಟದ ಶಿವರಾಮ ಕಾರಂತರು (1902–1997). 1936ರಲ್ಲಿ ಅವರು ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದಾಗ ಕನ್ನಡದ ಮಕ್ಕಳಿಗೆ ಅಂಥ ಚಿತ್ರಸಹಿತ ವಿಶ್ವಕೋಶ ಇರಲಿಲ್ಲ. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂತು. ರೇಚೆಲ್ ಕಾರ್ಸನ್ನರ ಕಡಲಿನ ಪುಸ್ತಕವನ್ನೂ ಕಾರಂತರು ಕನ್ನಡಕ್ಕೆ ತಂದರು. ವಿಜ್ಞಾನದ ಪದವಿ ಇಲ್ಲದ, ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟ ವ್ಯಕ್ತಿ ಇದನ್ನೆಲ್ಲ ಮಾಡಿದ್ದು ಓದು ಮತ್ತು ತಿರುಗಾಟದ ಬಲದಿಂದ. ಪುತ್ತೂರಿನ ಬಾಲವನದಲ್ಲಿ ಅವರು ನಡೆಸಿದ ಮಕ್ಕಳ ಪ್ರಯೋಗಗಳಲ್ಲಿ ಆಟ, ನಾಟಕ, ತಿರುಗಾಟಗಳು ಪಾಠದಷ್ಟೇ ಮುಖ್ಯವಾಗಿದ್ದವು. ಮಗುವಿಗೆ ಉತ್ತರ ಕೊಡುವುದಕ್ಕಿಂತ ಅದರ ಪ್ರಶ್ನೆಯನ್ನು ಉಳಿಸುವುದು ದೊಡ್ಡ ಕೆಲಸ ಎಂಬ ನಿಲುವು ಅವರ ಶಿಕ್ಷಣ ವಿಚಾರದುದ್ದಕ್ಕೂ ಕಾಣುತ್ತದೆ. ಹಾಗಿದ್ದರೂ ವಿಶ್ವಕೋಶದ ಸ್ವಭಾವವೇ ತೀರ್ಮಾನಗಳನ್ನು ಕೊಡುವುದು. ಆ ತೀರ್ಮಾನಗಳನ್ನು ತಲುಪಿದ ದಾರಿಯನ್ನು ಮಕ್ಕಳ ಕಾಲಿನಲ್ಲೇ ನಡೆಸುವ ಹೊಣೆ ಶಾಲೆಯದಾಗಿತ್ತು.

ಶಾಲೆ, ಕಾಲೇಜುಗಳು ಈ ಸೀಮೆಯಲ್ಲಿ ವೇಗವಾಗಿ ಬೆಳೆದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಡಾ. ಟಿ.ಎಂ.ಎ. ಪೈ 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1949ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂದವು. 1960ರಲ್ಲಿ ಅದಮಾರು ಮಠದ ವಿಬುಧೇಶತೀರ್ಥರು ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜನ್ನು ತೆರೆದರು. ಕಾರ್ಕಳದ ಭುವನೇಂದ್ರ ಕಾಲೇಜಿನ ವರ್ಷವೂ ಅದೇ. ಪ್ರತ್ಯಕ್ಷ, ಅನುಮಾನಗಳನ್ನು ಶತಮಾನಗಳಿಂದ ಪಾಠ ಹೇಳಿದ ಉಡುಪಿಯ ಅಷ್ಟಮಠಗಳಲ್ಲೊಂದಾದ ಅದಮಾರು ಮಠ ಭೌತಶಾಸ್ತ್ರ, ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಜಾಗ ಕೊಟ್ಟದ್ದು ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ.

ಇಂದು ಕಾಪು ತಾಲೂಕಿಗೆ ಸೇರಿರುವ ಅದಮಾರಿನಲ್ಲಿಯೇ 1932ರಲ್ಲಿ ಹುಟ್ಟಿದವರು ಉಡುಪಿ ರಾಮಚಂದ್ರ ರಾವ್. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಅವರ ಹೆಸರು 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದಿಂದ ನಾಡಿಗೆಲ್ಲ ಗೊತ್ತಾಯಿತು. ಈ ಪ್ರಬಂಧದ ವಿಷಯಕ್ಕೆ ಹತ್ತಿರವಾದದ್ದು ಅವರ ಅದಕ್ಕೂ ಹಿಂದಿನ ಕೆಲಸ. 1962ರಲ್ಲಿ ಹಾರಿದ ಮ್ಯಾರಿನರ್-2 ನೌಕೆ ಕಳಿಸಿದ ಅಂಕಿಗಳನ್ನು ಭೂಕಾಂತದ ಏರಿಳಿತಗಳೊಂದಿಗೆ ಹೋಲಿಸಿ, ಸೂರ್ಯನಿಂದ ಕಣಗಳ ಪ್ರವಾಹ ನಿರಂತರವಾಗಿ ಹರಿದುಬರುತ್ತದೆ, ಅದು ಭೂಮಿಯ ಕಾಂತಕ್ಷೇತ್ರವನ್ನು ಕದಲಿಸುತ್ತದೆ ಎಂದು ತೋರಿಸಿದವರಲ್ಲಿ ಅವರೂ ಒಬ್ಬರು. ಸೌರಮಾರುತ ಯಾರ ಕಣ್ಣಿಗೂ ಬೀಳುವುದಲ್ಲ. ಎರಡು ಕಡೆಯ ಅಂಕಿಗಳು ಒಟ್ಟಿಗೆ ಏರಿ ಇಳಿಯುವುದು ಮಾತ್ರ ಕಾಣುತ್ತದೆ.

ಮಣಿಪಾಲದ ವೈದ್ಯಕೀಯ ಕಾಲೇಜಿನ ಅಂಗರಚನಾ ಸಂಗ್ರಹಾಲಯ ಶಾಲಾ ಪ್ರವಾಸದ ಮಕ್ಕಳಿಗೆ ಬಹಳ ವರ್ಷಗಳಿಂದ ತೆರೆದಿದೆ. ಅಲ್ಲಿ ಆನೆಯ ಅಸ್ಥಿಪಂಜರವೂ ಕಾಳಿಂಗ ಸರ್ಪದ ಅಸ್ಥಿಪಂಜರವೂ ಇವೆ. ಸಾಲಿನಲ್ಲಿ ಹಾದುಹೋಗಿ ಬೆರಗಾಗುವುದಷ್ಟೇ ನಡೆದರೆ ವಸ್ತುಪಾಠದ ಹಳೆಯ ಕಥೆಯೇ ಪುನರಾವರ್ತನೆ. ಹಲ್ಲು ನೋಡಿ ಆಹಾರವನ್ನೂ ಕಾಲಿನ ಎಲುಬು ನೋಡಿ ಹೊರುವ ಭಾರವನ್ನೂ ಊಹಿಸಲು ಹೇಳಿದರೆ ಆ ಕೋಣೆ ಬೇರೆಯೇ ಆಗುತ್ತದೆ.

1964–66ರ ಕೊಠಾರಿ ಆಯೋಗ ಹತ್ತನೆಯ ತರಗತಿಯವರೆಗೆ ವಿಜ್ಞಾನ ಎಲ್ಲರಿಗೂ ಬೇಕೆಂದಿತು. ಅಲ್ಲಿಂದ ಪ್ರಯೋಗ ಪುಸ್ತಕದ ಕಾಲ ಶುರುವಾಯಿತು. ಗುರಿ, ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂಬ ಐದು ತಲೆಬರಹಗಳನ್ನು ಬರೆಯದೆ ಹೈಸ್ಕೂಲು ಮುಗಿಸಿದ ಕನ್ನಡದ ಮಕ್ಕಳು ವಿರಳ. ಕಂಡದ್ದಕ್ಕೂ ಕಂಡುಕೊಂಡದ್ದಕ್ಕೂ ಬೇರೆ ಬೇರೆ ಮನೆ ಮಾಡಿಕೊಟ್ಟ ಈ ವಿನ್ಯಾಸ ಕಾಗದದ ಮೇಲೆ ನಿರ್ದುಷ್ಟ. ಆದರೆ ನೂರಾರು ಶಾಲೆಗಳಲ್ಲಿ ಪ್ರಯೋಗ ನಡೆಯುವ ಮೊದಲೇ, ಕೆಲವೆಡೆ ನಡೆಯದೆಯೂ, ವೀಕ್ಷಣೆಯ ಕಲಂ ಭರ್ತಿಯಾಗುತ್ತದೆ. ಪರೀಕ್ಷೆಗೆ ಅಂಕ ಸಿಗುವುದು ಸರಿಯಾದ ತೀರ್ಮಾನಕ್ಕೆ. ಲಿಟ್ಮಸ್ ಕಾಗದ ಹಳೆಯದಾಗಿ ಬಣ್ಣ ಬದಲಾಗಲಿಲ್ಲ ಎಂದು ನಿಜ ಬರೆದ ಹುಡುಗಿಗೆ ಅಂಕ ಹೋಗುತ್ತದೆ. ಮಕ್ಕಳಿಗೆ ಸುಳ್ಳು ವೀಕ್ಷಣೆ ಬರೆಯಲು ಶಾಲೆಯೇ ಕಲಿಸುವುದು ವಿಜ್ಞಾನ ಶಿಕ್ಷಣಕ್ಕೆ ಆಗುವ ಅತಿ ಆಳದ ಗಾಯ, ಮತ್ತು ಅದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ.

ಈ ಜಡತೆಯನ್ನು ಅಲುಗಾಡಿಸಿದವು ಶಾಲೆಯ ಹೊರಗಿನ ಸಂಘಟನೆಗಳು. 1978ರಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಶುರುವಾಯಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಪತ್ರಿಕೆಗಾಗಿ ದುಡಿದವರಲ್ಲಿ ಕರಾವಳಿಯ ಅಡ್ಯನಡ್ಕ ಕೃಷ್ಣ ಭಟ್ಟರೂ ಇದ್ದರು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಂಡ ಕಟ್ಟಿ, ತಮ್ಮೂರಿನ ಬಾವಿ, ಗದ್ದೆ, ತ್ಯಾಜ್ಯ, ಹಕ್ಕಿಗಳನ್ನು ತಿಂಗಳುಗಟ್ಟಲೆ ನೋಡಿ, ದಾಖಲೆ ಇಟ್ಟು, ತಾವೇ ತೀರ್ಮಾನ ಮಂಡಿಸಬೇಕು. ಅಲ್ಲಿ ಉತ್ತರ ಪುಸ್ತಕದಲ್ಲಿ ಸಿಗದು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಗ್ರಹಣಗಳ ಸಮಯದಲ್ಲಿ ಮಕ್ಕಳನ್ನೂ ಊರವರನ್ನೂ ಮನೆಯಿಂದ ಹೊರಗೆ ಕರೆತಂದಿತು. 1980ರ ಫೆಬ್ರವರಿ 16ರ ಗ್ರಹಣದಂದು ಬಾಗಿಲು ಹಾಕಿಕೊಂಡು ಕೂತಿದ್ದ ಕರ್ನಾಟಕದ ಊರುಗಳಿಗೂ, 2019ರ ಡಿಸೆಂಬರ್ 26ರಂದು ಸುರಕ್ಷಿತ ಕನ್ನಡಕ ಹಿಡಿದು ಅಂಗಳಕ್ಕಿಳಿದ ಮಕ್ಕಳಿಗೂ ನಡುವೆ ಇಂಥ ಹಲವರ ದುಡಿಮೆ ಇದೆ.

ಈ ಸೀಮೆಯ ಶಿಕ್ಷಕರಿಗೆ ದೊರೆತ ಪಾಠೋಪಕರಣಗಳಲ್ಲಿ ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಸಮನಾದದ್ದು ಅಪರೂಪ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಅಲ್ಲಿ ಐದು, ಆರು, ಏಳು ಮುಖಗಳ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಮುಖಗಳನ್ನು ಎಣಿಸುವುದು, ಕಂಬದ ಅಗಲ ಅಳೆಯುವುದು ವೀಕ್ಷಣೆ. ಕೊಳಕೆ ಗದ್ದೆಯ ಕೆಸರು ಒಣಗಿದಾಗ ಬೀಳುವ ಬಿರುಕುಗಳಂತೆ, ಕಾದ ಲಾವಾ ಆರಿ ಕುಗ್ಗಿದಾಗ ಈ ಆಕಾರ ಬಂತು ಎಂಬುದು ಮೊದಲ ತೀರ್ಮಾನ. ಕಾರ್ನ್‌ಫ್ಲೋರ್ ಹಿಟ್ಟನ್ನು ನೀರಿನಲ್ಲಿ ಕಲಸಿ ಬಟ್ಟಲಲ್ಲಿ ನಿಧಾನ ಒಣಗಿಸಿದರೆ ಒಳಗೆ ಇಂಥದೇ ಪುಟ್ಟ ಕಂಬಗಳು ಮೂಡುವುದರಿಂದ ತರಗತಿಯಲ್ಲೇ ಅದನ್ನು ಪರೀಕ್ಷಿಸಬಹುದು. ಎರಡನೆಯ ತೀರ್ಮಾನ ಇನ್ನೂ ದೂರದ್ದು: ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು ಬೇರೆಯಾಗುವಾಗ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಈ ಲಾವಾ ಉಕ್ಕಿತು. ಇದಕ್ಕೆ ಕಲ್ಲಿನ ವಿಕಿರಣ ಅಳತೆ ಬೇಕು, ಕಡಲಾಚೆಯ ಕಲ್ಲಿನೊಂದಿಗೆ ಹೋಲಿಕೆ ಬೇಕು. ಬೇರೆ ಬೇರೆ ವಿಧಾನಗಳಿಂದ ಬಂದ ಕಾಲದ ಅಂಕಿಗಳಲ್ಲಿ ಕೆಲವು ಹತ್ತು ಲಕ್ಷ ವರ್ಷಗಳ ವ್ಯತ್ಯಾಸವಿದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಕಂಬದ ಮುಖಗಳ ಎಣಿಕೆಯಲ್ಲಿ ಅಂಥ ಜಗಳ ಇಲ್ಲ.

ಕಾರ್ಕಳದ ಗೊಮ್ಮಟ ಇನ್ನೊಂದು ಬಗೆಯ ಪಾಠ. ಸುಮಾರು 42 ಅಡಿಯ ಆ ಏಕಶಿಲಾ ಮೂರ್ತಿಯನ್ನು ಭೈರರಸ ವಂಶದ ವೀರಪಾಂಡ್ಯ 1432ರ ಫೆಬ್ರವರಿ 13ರಂದು ನಿಲ್ಲಿಸಿದ ಎಂಬುದು ಶಾಸನದ ಮಾತು. ಇಪ್ಪತ್ತು ಚಕ್ರಗಳ ಬಂಡಿಯಲ್ಲಿ ಗುಡ್ಡಕ್ಕೆ ಏರಿಸಿದರು ಎಂಬುದು ಎರಡು ಶತಮಾನಗಳ ನಂತರ ಚಂದ್ರಮ ಕವಿ ಬರೆದ ಕಾವ್ಯದ ಮಾತು. ಸಮಕಾಲೀನ ಶಾಸನಕ್ಕೂ ನಂತರದ ಕಾವ್ಯಕ್ಕೂ ಒಂದೇ ತೂಕ ಕೊಡಬಹುದೇ ಎಂಬ ಪ್ರಶ್ನೆ ಏಳನೆಯ ತರಗತಿಯ ಮಕ್ಕಳಿಗೆ ಎಟುಕದ್ದೇನಲ್ಲ. ಮೂರ್ತಿಯ ಎತ್ತರವನ್ನು ನೆರಳಿನಿಂದ ಲೆಕ್ಕ ಹಾಕುವುದೂ ಅವರಿಗೆ ಸಾಧ್ಯ: ಒಂದು ಮೀಟರ್ ಕೋಲಿನ ನೆರಳನ್ನೂ ಮೂರ್ತಿಯ ನೆರಳನ್ನೂ ಒಂದೇ ಗಳಿಗೆಯಲ್ಲಿ ಅಳೆದರೆ ಸಾಕು.

ನೆರಳಿನ ಕೋಲು, ಅಂದರೆ ಹಳೆಯ ಜ್ಯೋತಿಷಿಗಳ ಶಂಕು, ಯಾವ ಬಡ ಶಾಲೆಗೂ ದಕ್ಕುವ ಉಪಕರಣ. ಉಡುಪಿ ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ ಮತ್ತು ಆಗಸ್ಟ್ ಮಧ್ಯದಲ್ಲೊಮ್ಮೆ, ನಡುಹಗಲಲ್ಲಿ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಏಪ್ರಿಲಿನದು ಬೇಸಿಗೆ ರಜೆಗೆ ಬೀಳುತ್ತದೆ, ಆಗಸ್ಟಿನದು ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನ ಮಳೆಗಾಲಕ್ಕೆ. ಮೋಡ ಕವಿದ ದಿನ ‘ನೆರಳು ಕಾಣಲಿಲ್ಲ’ ಎಂದೇ ದಾಖಲಿಸಬೇಕಾಗುತ್ತದೆ. ಆದರೆ ಆ ಎರಡು ದಿನಗಳಿಗೇ ಕಾಯಬೇಕಿಲ್ಲ. ಬಿಸಿಲಿರುವ ಯಾವ ದಿನವೂ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಿದರೆ, ಅತಿ ಗಿಡ್ಡ ನೆರಳು ಗಡಿಯಾರದ 12ಕ್ಕೆ ಬೀಳುವುದಿಲ್ಲ ಎಂಬುದು ಕಾಣುತ್ತದೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ಉಡುಪಿ 74.75 ಡಿಗ್ರಿಯಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ 31 ನಿಮಿಷದ ವ್ಯತ್ಯಾಸ ಬರುತ್ತದೆ. ವರ್ಷವಿಡೀ ದಾಖಲೆ ಇಟ್ಟ ತರಗತಿಗೆ ಇನ್ನೊಂದು ಸಂಗತಿಯೂ ಸಿಗುತ್ತದೆ. ಅತಿ ಗಿಡ್ಡ ನೆರಳಿನ ಗಳಿಗೆ ನವೆಂಬರ್ ಮೊದಲ ವಾರದಲ್ಲಿ ಸುಮಾರು 12.15ಕ್ಕೆ ಬಂದರೆ, ಫೆಬ್ರವರಿ ಮಧ್ಯದಲ್ಲಿ ಸುಮಾರು 12.45ಕ್ಕೆ ಬರುತ್ತದೆ. ಊರು ಅಲುಗಾಡಿಲ್ಲ, ಗಡಿಯಾರ ಕೆಟ್ಟಿಲ್ಲ. ಭೂಮಿಯ ಅಕ್ಷದ ಓರೆಯನ್ನೂ ಅದರ ಕಕ್ಷೆಯ ದೀರ್ಘವೃತ್ತವನ್ನೂ ಮಕ್ಕಳು ಅಲ್ಲಿಂದ ಮುಂದೆ ತಾವೇ ಹುಡುಕಿಕೊಳ್ಳಬಹುದು.